ಆ ಕಡೆ ಯಾರೂ ಎತ್ತದ ಫೋನು

ಇವತ್ತು ಬೆಳಿಗ್ಗೆ ನಮ್ಮ ಯಜಮಾನರ ಕಣ್ಣು ತೋರಿಸಲು ತುಮಕೂರಿನ ಒಂದು ಕಣ್ಣಾಸ್ಪತ್ರೆಗೆ ಹೋಗಿದ್ದೆವು. ಅವರ ಕಣ್ಣಿಗೆ ಹನಿ ಬಿಟ್ಟು ಒಳಗಿನ ಕೋಣೆಯಲ್ಲಿ ಕೂರಿಸಿಕೊಂಡಿದ್ದರು. ನಾನು ಹೊರಗೆ ಬೆಂಚಿನ ಮೇಲೆ ಕೂತು ಬಾಟಲಿಯ ನೀರು ಕುಡಿಯುತ್ತಿದ್ದೆ. ಕೌಂಟರಿನ ಹುಡುಗಿ ತಲೆ ಬಗ್ಗಿಸಿ ಚೀಟಿ ಬರೆಯುತ್ತಿದ್ದಳು. ಅವಳ ಪಕ್ಕದಲ್ಲಿದ್ದ ಫೋನು, ಯಾರೂ ಮುಟ್ಟದೆ, ಗಂಟೆಯೂ ಬಾರಿಸದೆ, ಇದ್ದಕ್ಕಿದ್ದಂತೆ ಗಂಡಸಿನ ದನಿಯಲ್ಲಿ "ಮುಂದಿನ್ ಪೇಷೆಂಟ್ ಕಳ್ಸಮ್ಮಾ" ಅಂದಿತು. ನಾನು ಬೆಚ್ಚಿದ ರಭಸಕ್ಕೆ ಅರ್ಧ ಬಾಟಲಿ ನೀರು ಸೀರೆಯ ಮೇಲೆ ಸುರಿಯಿತು.

ಪಕ್ಕದಲ್ಲಿ ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದ ಹೆಂಗಸು ಇನ್ನೊಂದು ಕಣ್ಣಲ್ಲೇ ನನ್ನನ್ನು ನೋಡಿ ನಕ್ಕಳು. "ಡಾಕ್ಟ್ರು ಕಣಮ್ಮ, ದೆವ್ವ ಅಲ್ಲ."

ದೆವ್ವವಲ್ಲ ಅಂತ ನನಗೂ ಗೊತ್ತಿತ್ತು. ಅಂಥದೊಂದನ್ನು ಒಂದು ಕಾಲದಲ್ಲಿ ಇದೇ ಕೈಯಿಂದ ಜೋಡಿಸಿ, ಅದರಿಂದ ತಿಂದ ಪೆಟ್ಟಿನಿಂದ ಇನ್ನೂ ಪೂರ್ತಿ ಸುಧಾರಿಸಿಕೊಳ್ಳದವಳು ನಾನು ಅಂತ ಆ ಹೆಂಗಸಿಗೆ ಹೇಗೆ ಹೇಳಲಿ? ಅವಳಿಗೆ ಹೇಳಲಿಲ್ಲ. ನಿಮಗೆ ಹೇಳುತ್ತೇನೆ, ಕೇಳಿ.

ಗುಬ್ಬಿ ರಸ್ತೆಯಲ್ಲಿ ತೆಂಗಿನಕಾಯಿ ಪುಡಿ ಮಾಡುವ ಒಂದು ಕಾರ್ಖಾನೆ ಇದೆ. ಅದರ ಆಫೀಸಿನಲ್ಲಿ ನಾನು ಸೇರಿ ಇಪ್ಪತ್ತು ವರ್ಷದ ಮೇಲಾಯಿತು. ಬಾಗಿಲ ಮೇಲಿನ ಹಲಗೆಯಲ್ಲಿ ನನ್ನ ಹೆಸರಿನ ಕೆಳಗೆ 'ಆಡಳಿತಾಧಿಕಾರಿ' ಅಂತ ಬರೆದಿದೆ. ಅದರರ್ಥ ಇಷ್ಟೇ: ಯಾರದೂ ಅಲ್ಲದ ಕೆಲಸವೆಲ್ಲ ನನ್ನದು. ರಜೆ ಚೀಟಿ, ಕೆಟ್ಟ ನಲ್ಲಿ, ಬಾರದ ಕ್ಯಾಂಟೀನ್ ಹಾಲು, ಎಲ್ಲವೂ ನನ್ನ ಮೇಜಿಗೇ ಬರುತ್ತವೆ. ಫೋನೂ ಹಾಗೇ ಬಂತು.

ನಮ್ಮಲ್ಲಿ ಒಂದು ಪುಟ್ಟ ಲ್ಯಾಬು ಇತ್ತು. ಪುಡಿಯಲ್ಲಿ ಎಷ್ಟು ತೇವವಿದೆ, ಎಷ್ಟು ಎಣ್ಣೆಯಂಶ ಇದೆ ಅಂತ ಪರೀಕ್ಷೆ ಮಾಡಿ ಅಲ್ಲಿಂದ ಒಪ್ಪಿಗೆ ಬಂದರೇ ಮಾಲು ಹೊರಗೆ ಹೋಗುವುದು. ಅಲ್ಲಿದ್ದವಳು ಜಯಲಕ್ಷ್ಮಿ. ಹುಟ್ಟಿದ್ದು ಹುಲಿಯೂರುದುರ್ಗದಲ್ಲಿ, ಮದುವೆಯಾಗಿ ಬಂದದ್ದು ಕುಣಿಗಲ್ಲಿಗೆ. ಒಬ್ಬ ಮಗಳ ತಾಯಿ. ದಿನಾ ಕುಣಿಗಲ್ಲಿನಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಆಫೀಸಿನಲ್ಲಿ ಎಲ್ಲರೂ ನನ್ನನ್ನು ಮೇಡಂ ಅನ್ನುತ್ತಿದ್ದರೆ ಅವಳೊಬ್ಬಳು ಅಕ್ಕ ಅನ್ನುತ್ತಿದ್ದಳು. ಅದು ನನಗೆ ಇಷ್ಟವಾಗುತ್ತಿತ್ತು ಅಂತ ಈಗ ಒಪ್ಪಿಕೊಳ್ಳಲು ಅಡ್ಡಿಯಿಲ್ಲ. ಅವಳ ತೊಂದರೆ ಏನೆಂದರೆ ಕೈಗೆ ಗ್ಲೌಸ್ ಹಾಕಿಕೊಂಡೇ ಕೆಲಸ ಮಾಡಬೇಕು. ಫೋನ್ ಬಂದಾಗಲೆಲ್ಲ ಗ್ಲೌಸ್ ತೆಗೆಯಬೇಕು, ಮಾತಾಡಬೇಕು, ಮತ್ತೆ ಸೋಪು ಹಾಕಿ ಕೈ ತೊಳೆದು ಹೊಸ ಗ್ಲೌಸ್ ಹಾಕಬೇಕು. ಒಂದೇ ಬೆಳಿಗ್ಗೆ ಹತ್ತು ಸಲ ಹೀಗಾದರೆ ಯಾರಿಗಾದರೂ ಸಿಟ್ಟು ಬಾರದೆ ಇದ್ದೀತೆ?

ಒಂದು ದಿನ ನಮ್ಮ ಸಾಹುಕಾರರು ನನ್ನನ್ನು ಕರೆದರು. "ಮೇಡಂ, ಫೋನ್ ಎತ್ತದೇನೇ ಮಾತಾಡೋ ಹಂಗೆ ಮಾಡ್ಬೋದಂತಲ್ಲ? ಲ್ಯಾಬಿಗೆ ಅದೊಂದ್ ಮಾಡಿಸ್ಬುಡಿ."

ಫೋನ್ ಹಾಕಿಕೊಟ್ಟವನಿಗೆ ಹೇಳಿದರೆ ಅವನು, "ಬರೋಕೆ ಒಂದ್ ವಾರ ಆಗುತ್ತೆ ಮೇಡಂ. ನೀವೇ ಮಾಡ್ಕೊಬೋದು. ಪುಸ್ತಕದಲ್ಲಿದೆ, ನೋಡಿ" ಅಂದ. ಮೊಬೈಲಿನಲ್ಲಿ ಅಲಾರಂ ಇಡಬೇಕಾದರೂ ಪಕ್ಕದ ಮನೆಯವರನ್ನು ಕೂಗುವ ನಾನು ಅವತ್ತು ಕನ್ನಡಕ ಏರಿಸಿಕೊಂಡು ಆ ಸಣ್ಣ ಅಕ್ಷರದ ಪುಸ್ತಕ ಹಿಡಿದು ಕೂತೆ. ನನ್ನ ಮೇಜಿನ ಮೇಲಿನ ದೊಡ್ಡ ಫೋನಿನಿಂದಲೇ ಎಲ್ಲ ಕೋಣೆಯ ಫೋನುಗಳಿಗೂ ಅಪ್ಪಣೆ ಕೊಡಬಹುದಿತ್ತು. ಯಾವ ಕೋಣೆ ಅಂತ ಅದು ಕೇಳಿತು, ಲ್ಯಾಬಿನ ನಂಬರು ಒತ್ತಿದೆ. ತಾನಾಗೇ ತೆರೆದುಕೊಳ್ಳುವ ಮೊದಲು ಎಷ್ಟು ಬೀಪು ಅಂತ ಕೇಳಿತು, ಒಂದು ಅಂದೆ. ಆ ಕಡೆಯ ಮೈಕು ಮುಚ್ಚಿರಬೇಕೋ ತೆರೆದಿರಬೇಕೋ ಅಂತ ಕೇಳಿತು. ಅಲ್ಲಿ ತಡವರಿಸಿದೆ.

ಫೋನಿನವನನ್ನೇ ಮತ್ತೆ ಕೇಳಿದೆ. "ಮುಚ್ಚಿದ್ರೆ ನೀವು ಹೇಳಿದ್ದು ಅವ್ರಿಗೆ ಕೇಳುತ್ತೆ, ಅವ್ರು ಉತ್ರ ಕೊಡ್ಬೇಕಾದ್ರೆ ಒಂದ್ ಬಟನ್ ಒತ್ಬೇಕು. ತೆಗ್ದಿದ್ರೆ ಏನೂ ಒತ್ತಂಗಿಲ್ಲ, ನೇರ ಮಾತು. ಆದ್ರೆ ಬೀಪ್ ಮಾತ್ರ ತೆಗೀಬೇಡಿ ಮೇಡಂ" ಅಂದ. ಒಂದು ಬಟನ್ನನ್ನು ಮೊಣಕೈಯಿಂದಲೂ ಒತ್ತಬಹುದಿತ್ತು. ಅದು ಅವತ್ತು ಹೊಳೆಯಲಿಲ್ಲ. ತೆರೆದೇ ಇರಲಿ ಅಂದುಕೊಂಡೆ.

ಮೊದಲ ಪರೀಕ್ಷೆ ಹೇಗಾಯಿತು ಗೊತ್ತೇ? ಜಯಲಕ್ಷ್ಮಿಗೆ ಮುಂಚೆ ತಿಳಿಸುವುದನ್ನೇ ಮರೆತು ನಂಬರ್ ಒತ್ತಿ, "ಜಯಾ, ನಾನು ಕಣೇ!" ಅಂದೆ. ಆ ಕಡೆಯಿಂದ "ಅಯ್ಯಯ್ಯೋ!" ಅಂತ ಒಂದು ಕೂಗು, ಅದರ ಹಿಂದೆಯೇ ಗಾಜು ಒಡೆದ ಸದ್ದು. ಓಡಿಹೋಗಿ ನೋಡಿದರೆ ಅವಳು ಗೋಡೆಗೊರಗಿ ಎದೆ ಹಿಡಿದುಕೊಂಡು ನಿಂತಿದ್ದಾಳೆ. "ಹಿಂಗಾ ಅಕ್ಕಾ ಮಾಡೋದು? ಪ್ರಾಣ ಹೋಗಿತ್ತು!" ಇಬ್ಬರೂ ಗಾಜಿನ ಚೂರು ಗುಡಿಸುತ್ತಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಒಂದು ವಾರ ಕಳೆದ ಮೇಲೆ ಅವಳೇ ಬಂದು ಕೇಳಿದಳು. "ಅಕ್ಕಾ, ಆ ಬೀಪ್ ಒಂದ್ ತೆಗ್ದುಬುಡಿ. ಎದೆ ಧಸಕ್ಕನ್ನುತ್ತೆ. ನಿಮ್ ದನಿ ಬಂದ್ರೆ ಸಾಕು, ನಂಗೆ ಗೊತ್ತಾಗುತ್ತೆ." ಫೋನಿನವನು ಬೇಡ ಅಂದದ್ದು ನೆನಪಿತ್ತು. ಆದರೂ ತೆಗೆದುಬಿಟ್ಟೆ. ಅಷ್ಟು ಹೊತ್ತಿಗೆ ಆ ಯಂತ್ರದ ವಿಚಾರದಲ್ಲಿ ನಾನು ಪಂಡಿತೆಯಾಗಿದ್ದೆನಲ್ಲ!

ಆಮೇಲೆ ಶುರುವಾಯಿತು ನನ್ನ ಚಟ. ಮೊದಲೆಲ್ಲ ದಿನಕ್ಕೆರಡು ಸಲ ಲ್ಯಾಬಿಗೆ ಫೋನ್ ಮಾಡುತ್ತಿದ್ದವಳು ಈಗ ಗಂಟೆಗೆರಡು ಸಲ ಮಾಡತೊಡಗಿದೆ. ಕೂತಲ್ಲಿಂದ ಏಳದೆ, ಬಾಗಿಲು ತಟ್ಟದೆ ಇನ್ನೊಂದು ಕೋಣೆಯೊಳಕ್ಕೆ ಹೋಗಿ ನಿಂತ ಹಾಗೆ ಆಗುತ್ತಿತ್ತು. ನಿಜ ಹೇಳಬೇಕೆಂದರೆ ಬಹಳ ಖುಷಿಯಾಗುತ್ತಿತ್ತು. ಸಾಹುಕಾರರಿಗೂ ಖುಷಿಯೋ ಖುಷಿ. "ಪ್ಯಾಕಿಂಗ್‌ಗೂ ಹಾಕಿ, ಗೋಡೌನಿಗೂ ಹಾಕಿ. ಎಲ್ಲಾ ನನ್ ಫೋನಿಂದ್ಲೂ ಸಿಗಂಗೆ ಮಾಡಿ" ಅಂದರು. ಸೋಮವಾರ ಮಾಡುತ್ತೇನೆ ಅಂದಿದ್ದೆ.

ಇಲ್ಲಿ ನಮ್ಮ ಯಜಮಾನರ ವಿಷಯ ಒಂದಿಷ್ಟು ಹೇಳಲೇಬೇಕು. ಅವರು ಕುಣಿಗಲ್ಲಿನ ಒಂದು ಖಾಸಗಿ ಶಾಲೆಯ ಆಫೀಸಿನಲ್ಲಿ ಗುಮಾಸ್ತರು. ಹತ್ತೊಂಬತ್ತು ವರ್ಷ ದಿನವೂ ಬೆಳಿಗ್ಗೆ ಏಳೂವರೆಯ ಬಸ್ಸು, ಸಂಜೆ ಆರೂವರೆಗೆ ಮನೆ. ಕೈಯಲ್ಲಿ ನಾನು ಕಟ್ಟಿಕೊಟ್ಟ ಟಿಫನ್ ಬಾಕ್ಸು. ಮಾತು ಕಡಿಮೆ. ಆದರೆ ರಾತ್ರಿ ಊಟದ ಹೊತ್ತಿಗೆ ಶಾಲೆಯಲ್ಲಿ ಅವತ್ತು ನಡೆದ ಒಂದಾದರೂ ಸಂಗತಿ ಹೇಳುತ್ತಿದ್ದರು. ಹೆಡ್‌ಮಾಸ್ಟರು ಕನ್ನಡಕ ಹಣೆ ಮೇಲಿಟ್ಟುಕೊಂಡು ಇಡೀ ಆಫೀಸು ಹುಡುಕಿಸಿದ್ದು, ಯಾರೋ ಅಜ್ಜಿ ಮೊಮ್ಮಗನ ಹೆಸರನ್ನೇ ಮರೆತು ಅವನ ಟಿ.ಸಿ. ಕೇಳಲು ಬಂದದ್ದು, ಇಂಥವು. ನಾನು ಅನ್ನ ಬಡಿಸುತ್ತಾ ನಗುತ್ತಿದ್ದೆ.

ಅವತ್ತು ಗುರುವಾರ, ಸಂಜೆ ನಾಲ್ಕು ಗಂಟೆಯ ಹೊತ್ತು. ಒಂದು ಲಾರಿ ಮಾಲು ಹೊರಡಬೇಕಿತ್ತು, ಲ್ಯಾಬಿನ ರಿಪೋರ್ಟ್ ಬಂದಿರಲಿಲ್ಲ. ನಂಬರ್ ಒತ್ತಿದೆ. ಫೋನು ತೆರೆದುಕೊಂಡಿತು. ನಾನು ಬಾಯಿ ತೆರೆಯುವ ಮೊದಲೇ ಆ ಕಡೆಯ ಮಾತು ಕೇಳಿಸಿತು. ಜಯಲಕ್ಷ್ಮಿಯ ದನಿ.

"ಎರ್ಡು ತಿಂಗ್ಳಿಂದ ಹೊಟ್ಟೇಲಿ ಇಟ್ಕೊಂಡಿದೀನಿ ಕಣಣ್ಣ. ಅಕ್ಕನ್ ಮುಖ ನೋಡ್ದಾಗೆಲ್ಲ ಸಂಕ್ಟ ಆಯ್ತದೆ."

ಅಕ್ಕ ಅಂದರೆ ನಾನು.

"ನೀನ್ ನೋಡಿದ್ದು ಮೇಡಂ ಯಜಮಾನ್ರನ್ನೇನಾ? ಬೇರೆ ಯಾರೋ ಇರ್ಬೇಕು ಬುಡಮ್ಮ." ಇದು ಪ್ಯಾಕಿಂಗ್ ಸೂಪರ್‌ವೈಸರ್ ರಂಗಸ್ವಾಮಿ, ಕಡಬದವನು.

"ಅವ್ರೇ ಕಣಣ್ಣ. ಆಯುಧಪೂಜೆಗೆ ಇಲ್ಲಿಗ್ ಬಂದಿರ್ಲಿಲ್ವಾ? ಮಗಳ ಜಾತಿ ಸರ್ಟಿಫಿಕೇಟ್‌ಗೆ ಅಂತ ತಾಲ್ಲೂಕ್ ಆಫೀಸಿಗೆ ಹೋಗಿದ್ದೆ. ಎದ್ರುಗಡೆ ಹೊಂಗೆ ಮರದ ಕೆಳಗೆ ತೊಡೆ ಮೇಲೆ ರಟ್ಟು ಇಟ್ಕೊಂಡು ಅರ್ಜಿ ಬರ್ಕೊಡ್ತಾ ಕೂತಿದ್ರು. ಇಸ್ಕೂಲ್ ಮುಚ್ಚೋಗಿ ಐದ್ ತಿಂಗ್ಳಾಯ್ತಂತೆ. ನನ್ ಗುರ್ತು ಸಿಕ್ತು ಅವ್ರಿಗೆ. ಕೈ ಮುಗ್ದುಬುಟ್ರು ಅಣ್ಣ. ಮನೇಲಿ ಹೇಳ್ಬೇಡಮ್ಮ ಅಂದ್ರು. ಅಷ್ಟ್ ದೊಡ್ಡೋರು ನನ್ ಮುಂದೆ ಕೈ ಮುಗಿಯೋದಾ?"

ನೋಡಿ, ಫೋನಿನ ಕೆಂಪು ಬಟನ್ ನನ್ನ ಹೆಬ್ಬೆರಳಿನಿಂದ ನಾಲ್ಕು ಬೆರಳು ದೂರದಲ್ಲಿತ್ತು. ಒತ್ತಿದ್ದರೆ ಮುಗಿಯುತ್ತಿತ್ತು. ನಾನು ಒತ್ತಲಿಲ್ಲ. ಎದುರು ಮೇಜಿನ ಅಕೌಂಟೆಂಟಿಗೆ ಕೇಳಿಸೀತೆಂದು ಮೆಲ್ಲಗೆ ರಿಸೀವರ್ ಎತ್ತಿ ಕಿವಿಗೆ ಒತ್ತಿಕೊಂಡೆ. ಉಸಿರಿನ ಸದ್ದು ಆ ಕಡೆ ಹೋಗದಂತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ರಂಗಸ್ವಾಮಿ ಎದ್ದು ಹೋಗುವವರೆಗೂ, ಆಮೇಲೆ ಜಯಲಕ್ಷ್ಮಿ ಒಬ್ಬಳೇ ನಲ್ಲಿ ಬಿಟ್ಟು ಕೈ ತೊಳೆದುಕೊಳ್ಳುವವರೆಗೂ ಕೇಳುತ್ತಲೇ ಇದ್ದೆ. ನನ್ನ ಗಂಡನ ಸುದ್ದಿ ಒಂದು ಆಘಾತ. ನಾನು ಇಂಥವಳು ಅನ್ನುವುದು ಅದಕ್ಕಿಂತ ದೊಡ್ಡ ಆಘಾತ.

ಲಾರಿ ಹೇಗೆ ಹೊರಟಿತೋ ನೆನಪಿಲ್ಲ. ಮನೆಗೆ ಬಂದು ಅಡುಗೆ ಮಾಡಿದೆ. ಆರೂವರೆಗೆ ಅವರು ಬಂದರು, ಎಂದಿನಂತೆ ಕೈಕಾಲು ತೊಳೆದರು, ಖಾಲಿ ಟಿಫನ್ ಬಾಕ್ಸನ್ನು ಸಿಂಕಿನಲ್ಲಿಟ್ಟರು. ಊಟಕ್ಕೆ ಕೂತಾಗ, "ಇವತ್ತು ನಮ್ ಹೆಡ್‌ಮಾಸ್ಟರು ಏನ್ ಮಾಡಿದ್ರು ಗೊತ್ತಾ?" ಅಂದರು.

ಇಲ್ಲದ ಶಾಲೆ, ಇಲ್ಲದ ಹೆಡ್‌ಮಾಸ್ಟರು. ಐದು ತಿಂಗಳಿಂದ ದಿನಾ ರಾತ್ರಿ ಇವರು ಹೇಳಿದ್ದು, ನಾನು ನಕ್ಕಿದ್ದು! ಮಾತೇ ಆಡದ ಈ ಮನುಷ್ಯ ಬಸ್ಸಿನಲ್ಲಿ ಬರುತ್ತಾ ನನಗೋಸ್ಕರ ಒಂದೊಂದು ಕಥೆ ಕಟ್ಟಿಕೊಂಡು ಬರುತ್ತಿದ್ದರೇ? ಮನೆಗೆ ಕೊಡುವುದನ್ನು ಎಂದಿನಂತೆ ಕೊಡುತ್ತಲೇ ಇದ್ದರು. ಅದು ಅವರ ಪಿ.ಎಫ್. ದುಡ್ಡು ಅಂತ ಆಮೇಲೆ ತಿಳಿಯಿತು. ಕೇಳಬೇಕೆಂದುಕೊಂಡೆ. ಕೇಳಿದರೆ ನಿನಗೆ ಹೇಗೆ ಗೊತ್ತಾಯಿತು ಅನ್ನುತ್ತಾರೆ. ಅದಕ್ಕೆ ನನ್ನಲ್ಲಿ ಮರ್ಯಾದೆಯ ಉತ್ತರ ಇರಲಿಲ್ಲ. ಸಾರು ಬಡಿಸಿದೆ. ಅವತ್ತೂ ನಕ್ಕೆ.

ಮರುದಿನ ಅವರು ಹೊರಟ ಮೇಲೆ ಆಫೀಸಿಗೆ ರಜೆ ಹೇಳಿ ನಾನೂ ಕುಣಿಗಲ್ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ, ಜಯಲಕ್ಷ್ಮಿ ತಪ್ಪಾಗಿ ನೋಡಿರಲಿ, ಬೇರೆ ಯಾರೋ ಆಗಿರಲಿ ಅಂತ ಬೇಡಿಕೊಂಡೆ. ಬೇರೆ ಯಾರೂ ಆಗಿರಲಿಲ್ಲ. ತಾಲ್ಲೂಕು ಕಚೇರಿಯ ಎದುರು, ಹೊಂಗೆ ಮರದ ಬುಡದಲ್ಲಿ, ನಾನೇ ಇಸ್ತ್ರಿ ಮಾಡಿದ ನೀಲಿ ಗೆರೆಯ ಶರಟು. ಮುಂದೆ ಒಬ್ಬಳು ಅಜ್ಜಿ ಕುಕ್ಕರುಗಾಲಲ್ಲಿ ಕೂತಿದ್ದಳು. ಅವಳಿಗೆ ಕಿವಿ ಮಂದ ಅಂತ ಕಾಣುತ್ತದೆ. ಬರೆದದ್ದನ್ನು ಅವಳ ಕಿವಿಯ ಹತ್ತಿರ ಬಗ್ಗಿ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಮನೆಯಲ್ಲಿ ಅವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಅಜ್ಜಿ ಎದ್ದು, "ದ್ಯಾವ್ರು ಒಳ್ಳೇದ್ ಮಾಡ್ಲಪ್ಪ" ಅಂತ ಅವರ ತಲೆ ಮುಟ್ಟಿ ಹೋದಳು.

ಇಬ್ಬರು ಕಾಯುತ್ತಿದ್ದರು. ಏನು ಮಾಡಬೇಕೆಂದು ತೋಚದೆ ನಾನೂ ಅವರ ಹಿಂದೆ ನಿಂತೆ. ಅವರಿಬ್ಬರದೂ ಆಯಿತು. ನನ್ನ ಸರದಿ ಬಂತು. ಕೂತೆ.

ಅವರು ತಲೆ ಎತ್ತಲಿಲ್ಲ. ಹೊಸ ಹಾಳೆ ತೆಗೆದು ರಟ್ಟಿನ ಮೇಲಿಟ್ಟು, "ಏನ್ ಬರೀಬೇಕಮ್ಮ? ಹೆಸ್ರು ಹೇಳಿ" ಅಂದರು.

ನನ್ನ ಹೆಸರು ಹೇಳಿದೆ.

ಎರಡಕ್ಷರ ಬರೆದರು. ಪೆನ್ನು ನಿಂತಿತು. ಎಷ್ಟು ಹೊತ್ತು ನಿಂತಿತ್ತೋ, ಹಾಳೆಯ ಮೇಲೆ ಶಾಯಿಯ ಒಂದು ಚುಕ್ಕೆ ದೊಡ್ಡದಾಗುತ್ತಾ ಹೋಯಿತು. ಮುಖ ಎತ್ತದೆಯೇ ಕೇಳಿದರು: "ಏನಾದ್ರೂ ತಿಂದ್ಕೊಂಡ್ ಬಂದ್ಯಾ?"

ನಾನು ಬೆಳಗಿನಿಂದ ಏನೂ ತಿಂದಿರಲಿಲ್ಲ. ಅವರು ಚೀಲದಿಂದ ಟಿಫನ್ ಬಾಕ್ಸ್ ತೆಗೆದರು. ಇನ್ನೂ ಹನ್ನೊಂದು ಗಂಟೆಯಾಗಿರಲಿಲ್ಲ. ನಾನೇ ಕಟ್ಟಿದ ಚಿತ್ರಾನ್ನವನ್ನು ಆ ಮರದ ಕೆಳಗೆ ಇಬ್ಬರೂ ತಿಂದೆವು. ಯಾರೋ ಅರ್ಜಿಗೆ ಬಂದವರು ನಮ್ಮನ್ನು ನೋಡಿ ದೂರ ನಿಂತು ಕಾದರು.

"ಯಾಕ್ರೀ ಹೇಳ್ಲಿಲ್ಲ?" ಅಂದೆ.

"ಮೊದಲ್ನೇ ದಿನ ಹೇಳೋಣ ಅಂತಾನೇ ಇದ್ದೆ ಕಣೇ. ಬೆಳಿಗ್ಗೆ ಎದ್ರೆ ನೀನು ಬಾಕ್ಸ್ ಕಟ್ಟಿಟ್ಟಿದ್ದೆ. ಹತ್ತೊಂಬತ್ ವರ್ಷ ಕಟ್ಟಿದ್ದನ್ನ ಇವತ್ತಿಂದ ಬೇಡ ಅಂತ ಹೇಳೋಕೆ ಬಾಯಿ ಬರ್ಲಿಲ್ಲ. ಎತ್ಕೊಂಡ್ ಬಸ್ ಹತ್ತಿದೆ. ಆಮೇಲೆ ದಿನಾ ಕಷ್ಟ ಆಗ್ತಾ ಹೋಯ್ತು." ಕೈ ತೊಳೆಯಲು ನೀರು ಹಾಕುತ್ತಾ ಕೇಳಿದರು: "ಜಯಲಕ್ಷ್ಮಿ ಹೇಳಿದ್ಲಾ?"

"ಇಲ್ಲ. ಅವಳು ನಿಮಗೆ ಕೊಟ್ಟ ಮಾತು ಉಳಿಸ್ಕೊಂಡ್ಲು. ನಾನೇ ಕದ್ದು ಕೇಳಿಸ್ಕೊಂಡೆ."

ಎಲ್ಲ ಹೇಳಿದೆ. ಕೇಳಿ ಅವರು ಬೈಯಲಿಲ್ಲ. "ಆ ಹುಡ್ಗಿಗೆ ಮೊದ್ಲು ಹೋಗಿ ಹೇಳು" ಅಂದರು ಅಷ್ಟೆ.

ಶನಿವಾರ ಹೋಗಿ ಹೇಳಿದೆ. ಫೋನಿನಲ್ಲಲ್ಲ, ಲ್ಯಾಬಿನ ಬಾಗಿಲು ತಟ್ಟಿ ಒಳಗೆ ಹೋಗಿ. ಜಯಲಕ್ಷ್ಮಿ ಅಳುತ್ತಾಳೆ, ಇಲ್ಲವೇ ಹೋಗಲಿ ಬಿಡಿ ಅಕ್ಕಾ ಅನ್ನುತ್ತಾಳೆ ಅಂದುಕೊಂಡಿದ್ದೆ. ಅವಳು ಬಣ್ಣಗೆಟ್ಟು, ಮೊದಲು ಶೆಲ್ಫಿನ ಮೇಲಿದ್ದ ಫೋನನ್ನು ನೋಡಿದಳು, ಆಮೇಲೆ ನನ್ನನ್ನು. "ಎಷ್ಟ್ ದಿನದಿಂದ ಕೇಳ್ತಿದ್ರಿ?"

"ಅದೊಂದೇ ಸಲ ಕಣೇ, ದೇವರಾಣೆ."

ಅವಳು ಗ್ಲೌಸ್ ಹಾಕಿದ ಕೈಯಲ್ಲೇ ಫೋನಿನ ವೈರನ್ನು ಗೋಡೆಯಿಂದ ಕಿತ್ತಳು. ಲ್ಯಾಬಿನಲ್ಲಿ ಅವಳು ಅತ್ತೆಯ ಬಗ್ಗೆ, ಗಂಡನ ಬಗ್ಗೆ, ಸಾಹುಕಾರರ ಬಗ್ಗೆ ಏನೇನು ಆಡಿಕೊಂಡಿದ್ದಳೋ, ಅದನ್ನೆಲ್ಲ ಒಂದೊಂದಾಗಿ ನೆನಪು ಮಾಡಿಕೊಳ್ಳುತ್ತಿರುವುದು ಅವಳ ಮುಖದಲ್ಲಿ ಕಾಣುತ್ತಿತ್ತು. ನಾನು ಒಂದೇ ಸಲ ಕೇಳಿದ್ದೆ ಅನ್ನುವುದಕ್ಕೆ ನನ್ನ ಹತ್ತಿರ ಏನು ಸಾಕ್ಷಿ ಇತ್ತು? ಅವತ್ತಿನಿಂದ ನಾನು ಅವಳಿಗೂ ಮೇಡಂ ಆದೆ.

ಸೋಮವಾರ ಸಾಹುಕಾರರು ಕರೆದು, ಉಳಿದ ಕೋಣೆಗಳದ್ದು ಏನಾಯಿತು ಅಂದರು. ಮಾಡುವುದಿಲ್ಲ ಅಂದೆ. ಯಾಕೆ ಅಂದರು. ಮೈಕು ತೆರೆದಿದ್ದರೆ ಅಲ್ಲಿಯವರು ಆಡುವುದೆಲ್ಲ ಇಲ್ಲಿಗೆ ಕೇಳಿಸುತ್ತದೆ ಅಂದೆ. ಅವರ ಮುಖ ಅರಳಿತು. "ಅದ್ರಲ್ಲೇನಿದೆ ಮೇಡಂ? ಯಾರ್ ಏನ್ ಮಾತಾಡ್ತಾರೆ ಅಂತ ಗೊತ್ತಾದ್ರೆ ಒಳ್ಳೇದೇ ಅಲ್ವಾ?"

ಬಾಗಿಲು ಹಾಕಿ ಬಂದು ಎದುರಿಗೆ ಕೂತು, ನಾನು ಕೇಳಿಸಿಕೊಂಡದ್ದು ಏನು, ಯಾರ ವಿಷಯ, ಹೇಗೆ ಬಾಯಿಗೆ ಸೆರಗು ಒತ್ತಿಕೊಂಡು ಕೇಳಿದೆ ಎಲ್ಲವನ್ನೂ ಹೇಳಿದೆ. ಗಂಡನಿಗೆ ಕೆಲಸ ಇಲ್ಲ ಅಂತ ನನ್ನ ಬಾಯಿಂದಲೇ ಮೊದಲ ಸಲ ಹೊರಗೆ ಬಂದದ್ದು ಅವರೆದುರು. ಸಾಹುಕಾರರು ಮೇಜಿನ ಮೇಲಿನ ಪೇಪರ್‌ವೇಟನ್ನು ಬದಿಗೆ ಸರಿಸಿದರು. "ಮೈಕ್ ಮುಚ್ಚಿ ಹಾಕಿ. ಬೀಪು ಮೂರಿರ್ಲಿ" ಅಂದರು. ಅವತ್ತೇ ಹಾಗೆ ಮಾಡಿದೆ. ಜಯಲಕ್ಷ್ಮಿ ಮಾತ್ರ ಆ ವೈರನ್ನು ಮತ್ತೆ ಸಿಕ್ಕಿಸಲು ಎರಡು ತಿಂಗಳು ತೆಗೆದುಕೊಂಡಳು.

ನಮ್ಮ ಯಜಮಾನರು ಬೇರೆ ಕೆಲಸ ಹುಡುಕಲಿಲ್ಲ. ಮರದ ಕೆಳಗೆ ಈಗ ಒಂದು ಮಡಚುವ ಮೇಜು, ಒಂದು ದೊಡ್ಡ ಛತ್ರಿ ಬಂದಿವೆ. ಕುಣಿಗಲ್ ಸುತ್ತಿನ ಹಳ್ಳಿಯವರಿಗೆಲ್ಲ ಅವರು 'ಅರ್ಜಿ ಮೇಷ್ಟ್ರು'. ಇದೆಲ್ಲ ನಡೆದು ಮೂರು ವರ್ಷವಾಯಿತು. ಜಯಲಕ್ಷ್ಮಿ ನನ್ನ ಜೊತೆ ಕೆಲಸದ ಮಾತು ಆಡುತ್ತಿದ್ದಳು, ಹಬ್ಬಕ್ಕೆ ಹೋಳಿಗೆಯನ್ನೂ ತಂದುಕೊಡುತ್ತಿದ್ದಳು, ಆದರೆ ತನ್ನದು ಅಂತ ಒಂದು ಮಾತು ಹೇಳಿದವಳಲ್ಲ. ನಾನೂ ಕೇಳಲಿಲ್ಲ.

ಹೋದ ತಿಂಗಳು ಒಂದು ಮಧ್ಯಾಹ್ನ ಅಕೌಂಟೆಂಟ್ ಊಟಕ್ಕೆ ಹೋಗಿದ್ದಾಗ ಅವಳು ನನ್ನ ಕೋಣೆಗೆ ಬಂದು ಬಾಗಿಲು ಮುಚ್ಚಿದಳು. ಕೂತಳು. "ಒಂದ್ ವಿಷ್ಯ ಹೇಳ್ತೀನಿ ಅಕ್ಕಾ, ಯಾರ್ಗೂ ಹೇಳ್ಬೇಡಿ" ಅಂದಳು. ಮೂರು ವರ್ಷದ ಮೇಲೆ ಆ ಅಕ್ಕ ಕೇಳಿ ನನಗೆ ಮುಂದಿನ ಮಾತು ಸರಿಯಾಗಿ ಕಿವಿಗೇ ಬೀಳಲಿಲ್ಲ. ದೂರಶಿಕ್ಷಣದಲ್ಲಿ ಡಿಗ್ರಿಗೆ ಕಟ್ಟಿದ್ದಾಳಂತೆ. ಕೊನೆಯ ವರ್ಷದ ಪರೀಕ್ಷೆ ಬರೆದು ಮುಗಿಸಿದ್ದಾಳಂತೆ. ಫೇಲಾದರೆ ಮನೆಯಲ್ಲಿ ನಗುತ್ತಾರೆ ಅಂತ ಗಂಡನಿಗೆ ಬಿಟ್ಟು ಯಾರಿಗೂ ಹೇಳಿಲ್ಲವಂತೆ.

"ಫಾರಂ ತುಂಬ್ಕೊಟ್ಟು, ಭಾನುವಾರ ಪಾಠ ಹೇಳ್ಕೊಟ್ಟೋರು ನಿಮ್ ಯಜಮಾನ್ರೇ" ಅಂದಳು. "ಅವ್ರೂ ನಿಮ್ಗೆ ಹೇಳಿಲ್ಲ, ಅಲ್ವಾ?"

ಹೇಳಿರಲಿಲ್ಲ. ಭಾನುವಾರ ಅರ್ಜಿ ಜಾಸ್ತಿ ಅಂತ ಹೋಗುತ್ತಿದ್ದರು. ಭಾನುವಾರ ತಾಲ್ಲೂಕು ಕಚೇರಿಗೆ ರಜೆ ಅಂತ ನನಗೆ ಹೊಳೆದೇ ಇರಲಿಲ್ಲ! ಮನೆಗೆ ಹೋಗಿ ಅವರನ್ನು ಕೇಳಲು ನಾಲಿಗೆ ತುರಿಸಿತು. ಆದರೆ ಯಾರಿಗೂ ಹೇಳಬೇಡಿ ಅಂದಿದ್ದಳಲ್ಲ. ತುಟಿ ಬಿಗಿದುಕೊಂಡೆ. ಒಂದು ತಿಂಗಳು ಬಿಗಿದುಕೊಂಡೇ ಇದ್ದೆ.

ಇವತ್ತು ಆಸ್ಪತ್ರೆಯಲ್ಲಿ ನಾನು ಸೀರೆ ಕೊಡವಿಕೊಳ್ಳುತ್ತಿದ್ದಾಗ ಅವರನ್ನು ಹೊರಗೆ ಕಳಿಸಿದರು. ಹನಿ ಹಾಕಿದ ಕಣ್ಣು ಮಂಜು ಮಂಜು, ಗೋಡೆ ಸವರುತ್ತಾ ಬಂದರು. ಕೈ ಹಿಡಿದು ಕೂರಿಸಿಕೊಂಡೆ. ಅಷ್ಟರಲ್ಲಿ ಅವರ ಜೇಬಿನಲ್ಲಿದ್ದ ಮೊಬೈಲು ಗುರ್ ಅಂದಿತು. ತೆಗೆದು ಮುಖದ ಹತ್ತಿರ ಹಿಡಿದರು, ದೂರ ಹಿಡಿದರು, ಏನೂ ಕಾಣಲಿಲ್ಲ. ಮತ್ತೆ ಜೇಬಿನ ಕಡೆ ಒಯ್ದು, ಆಮೇಲೆ ನನ್ನ ಕಡೆ ಚಾಚಿದರು.

"ಓದಲಾ?" ಅಂದೆ.

"ಓದು."

ಜಯಲಕ್ಷ್ಮಿಯ ಮೆಸೇಜು. 'ಪಾಸಾದೆ ಸಾರ್. ಫಸ್ಟ್ ಕ್ಲಾಸ್.' ಗಟ್ಟಿಯಾಗಿ ಓದಿದೆ. ಅವರು ಆ ಮಬ್ಬುಗಣ್ಣಲ್ಲೇ ಎದುರಿನ ಗೋಡೆ ನೋಡುತ್ತಾ ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, ತಪ್ಪು ಮಾಡಿದವರ ಹಾಗೆ, "ನಿಂಗೆ ಈ ವಿಷ್ಯ ಗೊತ್ತಿರ್ಲಿಲ್ಲ" ಅಂದರು.

"ಗೊತ್ತಿತ್ತು."

ಅವರು ಬೆಚ್ಚಿದರು. "ಹೆಂಗೆ?"

"ಅವಳೇ ಬಂದು ಹೇಳಿದ್ಲು ಕಣ್ರೀ" ಅಂದೆ.